ರಾಜ ಹೋದ ಮೇಲೆ ಚಾಕು ಪೆಟ್ಟಿಗೆ ತೆರೆದಿಲ್ಲ. ಹೊಸ ಮರಿ ತರಲೇ, ಬೇಡವೇ?

ದಾವಣಗೆರೆ, ನಿಟ್ಟುವಳ್ಳಿಯಿಂದ

ಎಲ್ಲರಿಗೂ ನಮಸ್ಕಾರ. ಒಂದು ಸಲಹೆ ಬೇಕಾಗಿದೆ. ಚಾಕುವಿನ ಬಗ್ಗೆ ಅಲ್ಲ, ಆದರೆ ಚಾಕು ಬಿಟ್ಟೂ ಅಲ್ಲ.

ನನ್ನ ಬಳಿ ಚಿಕ್ಕದು ದೊಡ್ಡದು ಸೇರಿ ಅರವತ್ತೆಂಟು ಅಲಗುಗಳಿವೆ. ಹೆಚ್ಚಿನವು ಅಡಕತ್ತರಿ ಮತ್ತು ಮಡಿಚುವ ಚಾಕು. ಅಪ್ಪನ ಕಾಲದ ಎರಡು ಕ್ಷೌರದ ಕತ್ತಿ ಇವೆ, ಅಮ್ಮನ ಈಳಿಗೆಮಣೆ ಇದೆ. ತಿಂಗಳ ಮೊದಲ ಭಾನುವಾರ ಪೆಟ್ಟಿಗೆ ಹೊರಗೆ ತಂದು, ಪಡಸಾಲೆಯಲ್ಲಿ ಗೋಣಿಚೀಲ ಹಾಸಿ, ಒಂದೊಂದನ್ನೇ ಒರೆಸಿ ಎಣ್ಣೆ ಹಚ್ಚುವುದು ಇಪ್ಪತ್ತು ವರ್ಷಗಳ ರೂಢಿ. ಅದರಲ್ಲಿ ಹದಿಮೂರು ವರ್ಷ ಆ ಗೋಣಿಚೀಲದ ಅರ್ಧಭಾಗ ನನ್ನದಾಗಿರಲಿಲ್ಲ, ರಾಜನದಾಗಿತ್ತು.

ರಾಜ ಜಾತಿನಾಯಿಯಲ್ಲ. ಎ.ಪಿ.ಎಂ.ಸಿ. ಯಾರ್ಡಿನಲ್ಲಿ ಮೆಕ್ಕೆಜೋಳದ ಚೀಲಗಳ ಸಂದಿಯಲ್ಲಿ ಸಿಕ್ಕ ಬೀದಿಮರಿ. ಪೆಟ್ಟಿಗೆಯ ಮುಚ್ಚಳ ಕಿರ್ ಎಂದರೆ ಸಾಕು, ಹಿತ್ತಲಲ್ಲಿದ್ದರೂ ಓಡಿ ಬಂದು ಗೋಣಿಚೀಲದ ಮೇಲೆ ಸುತ್ತು ಹಾಕಿ ಮಲಗುತ್ತಿತ್ತು. ಎಂಟು ತಿಂಗಳ ಮರಿಯಾಗಿದ್ದಾಗ ಎಮ್ಮೆಕೊಂಬಿನ ಹಿಡಿಯ ಚಾಕುವೊಂದನ್ನು ಕಚ್ಚಿಕೊಂಡು ಹೋಗಿ, ತುಳಸಿಕಟ್ಟೆಯ ಹಿಂದೆ ಕುಳಿತು ಹಿಡಿಯ ಕಾಲುಭಾಗ ತಿಂದುಹಾಕಿತ್ತು. ಅಲಗು ಮಡಿಚಿತ್ತು, ಬದುಕಿಕೊಂಡಿತು. ಯುಗಾದಿಗೆ ಹದಿನೈದು ದಿನ ಮೊದಲು ಮೂತ್ರಪಿಂಡ ಸೋತು ಹೋಯಿತು. ಕೊನೆಯ ತಿಂಗಳು ನೀರು ಕುಡಿಯುವುದೊಂದೇ ಕೆಲಸವಾಗಿತ್ತು ಅದಕ್ಕೆ. ಆನಗೋಡಿನ ಹತ್ತಿರ ತಮ್ಮನ ಹೊಲದಲ್ಲಿ ಬೇವಿನ ಮರದ ಕೆಳಗೆ ಮಣ್ಣು ಮಾಡಿದೆವು.

ಆಮೇಲೆ ಮೂರು ಮೊದಲ ಭಾನುವಾರಗಳು ಕಳೆದವು. ಪೆಟ್ಟಿಗೆಗೆ ಕೈ ಹಾಕಿಲ್ಲ. ಮೊನ್ನೆ ಬೀಗರು ಬಂದವರು ತೋರಿಸಿ ಎಂದು ಪಟ್ಟು ಹಿಡಿದರು. ತೆರೆದರೆ ಮೇಲಿನ ಎರಡು ಅಡಕತ್ತರಿಗಳಿಗೆ ತುಕ್ಕು. ಹಾಗೆಯೇ ಮುಚ್ಚಿಟ್ಟೆ.

ಹೆಂಡತಿ ಮರಿ ತನ್ನಿ ಎನ್ನುತ್ತಾಳೆ. ಸೊಸೆ ಬೇಡವೆನ್ನುತ್ತಾಳೆ, ಮೊಮ್ಮಗನಿಗೆ ಎರಡು ವರ್ಷ. ಮಗು, ಮರಿ, ಚಾಕು ಮೂರನ್ನೂ ಒಬ್ಬ ಮುದುಕ ಹೇಗೆ ಕಾಯುತ್ತಾನೆ ಎಂಬುದು ಅವಳ ಪ್ರಶ್ನೆ. ತಪ್ಪಲ್ಲ. ನನಗೆ ಅರವತ್ತೊಂದು. ನಿಮ್ಮ ಮನೆಗಳಲ್ಲೂ ಅಲಗಿನ ಜೊತೆ ಪ್ರಾಣಿಗಳು ಇದ್ದವು, ಇವೆ. ಅವು ಹೋದಾಗ ಏನು ಮಾಡಿದಿರಿ? ಬುದ್ಧಿವಾದ ಬೇಡ, ನಡೆದದ್ದನ್ನು ಹೇಳಿ.

ಭೀಮಸಮುದ್ರ, ಅಡಿಕೆ ತೋಟದವನು

ಅಣ್ಣಾ, ನಮ್ಮದು ಬೆಕ್ಕಿನ ಮನೆ. ಆದರೂ ಹೇಳುತ್ತೇನೆ.

ಊರೇ ಅಡಿಕೆಯದು, ಹಾಗಾಗಿ ಅಡಕತ್ತರಿ ಹುಡುಕಿಕೊಂಡು ನಾನೇನೂ ಹೋಗಲಿಲ್ಲ. ಅಜ್ಜಿಯ ಎಲೆಯಡಿಕೆ ತಟ್ಟೆಯಿಂದ ಶುರುವಾಗಿ ಈಗ ನಲವತ್ತೊಂದು ಆಗಿವೆ. ಗಿಳಿಯಾಕಾರದ್ದು, ಕುದುರೆಯಾಕಾರದ್ದು, ಗಂಡಹೆಂಡತಿ ಎದುರುಬದುರು ನಿಂತ ಹಿತ್ತಾಳೆಯದು. ಅಜ್ಜಿಯದಕ್ಕೆ ಹಿಡಿಯ ತುದಿಯಲ್ಲಿ ಒಂದು ಗೆಜ್ಜೆ ಇದೆ. ಅಡಿಕೆ ಕತ್ತರಿಸಿದಾಗಲೆಲ್ಲ ಝಣ್ ಎನ್ನುತ್ತದೆ. ಪುಟ್ಟಿ ಎಂಬ ಮೂರು ಬಣ್ಣದ ಬೆಕ್ಕಿಗೆ ಆ ಸದ್ದೆಂದರೆ ಆಟದ ಕರೆ. ಅಜ್ಜಿ ಒಂದು ಹೋಳು ಅಡಿಕೆಯನ್ನು ನೆಲದ ಮೇಲೆ ಜಾರಿಸುತ್ತಿದ್ದಳು, ಪುಟ್ಟಿ ಅದನ್ನು ಅಂಗಳದವರೆಗೆ ಅಟ್ಟಿಕೊಂಡು ಹೋಗುತ್ತಿತ್ತು. ಅಜ್ಜಿ ಹೋದ ಮೇಲೆ ಒಂದು ದಿನ ಸುಮ್ಮನೆ ಆ ಅಡಕತ್ತರಿ ಆಡಿಸಿದೆ. ಅಟ್ಟದ ಮೇಲಿಂದ ಇಳಿದು ಬಂದು ಅಜ್ಜಿ ಕೂರುತ್ತಿದ್ದ ಕಂಬದ ಬುಡವನ್ನು ಮೂಸಿತು. ಮತ್ತೆ ನಾನು ಅದನ್ನು ಆಡಿಸಲಿಲ್ಲ.

ಈಗ ನನ್ನ ಮೂರ್ಖತನದ ಕಥೆ. ಜಪಾನಿನವರು ಕತ್ತಿಗೆ ಚೋಜಿ ಎಂಬ ಎಣ್ಣೆ ಹಚ್ಚುತ್ತಾರೆ, ಅದಕ್ಕೆ ಲವಂಗದ ಪರಿಮಳ ಇರುತ್ತದೆ ಎಂದು ಎಲ್ಲೋ ಓದಿದೆ. ಹಲ್ಲುನೋವಿಗೆ ತಂದಿದ್ದ ಲವಂಗದೆಣ್ಣೆಯನ್ನು ಕೊಬ್ಬರಿ ಎಣ್ಣೆಗೆ ಧಾರಾಳವಾಗಿ ಬೆರೆಸಿ ಎಲ್ಲಕ್ಕೂ ಬಳಿದೆ. ಮನೆಯೆಲ್ಲ ಘಮಘಮ. ಪುಟ್ಟಿ ಆ ಒರೆಸುಬಟ್ಟೆಯ ಮೇಲೆ ನಡೆದು, ತನ್ನ ಪಾಡಿಗೆ ಕಾಲು ನೆಕ್ಕಿಕೊಂಡಿತು. ಸಂಜೆಗೆ ಬಾಯಿಂದ ಜೊಲ್ಲು, ಹಿಂಗಾಲು ತೂರಾಟ. ಅಕ್ಕಿಚೀಲದಲ್ಲಿ ಸುತ್ತಿಕೊಂಡು ಬೈಕಿನಲ್ಲಿ ಚಿತ್ರದುರ್ಗಕ್ಕೆ ಓಡಿದೆ. ಎರಡು ರಾತ್ರಿ ಗ್ಲೂಕೋಸ್ ಹನಿಯ ಮೇಲೆ ಇತ್ತು, ಉಳಿಯಿತು. ಲವಂಗದಲ್ಲಿರುವ ಅಂಶವನ್ನು ಬೆಕ್ಕಿನ ಪಿತ್ತಜನಕಾಂಗಕ್ಕೆ ಅರಗಿಸಲು ಆಗುವುದಿಲ್ಲವಂತೆ. ನಮಗೆ ಔಷಧವಾದದ್ದು ಅದಕ್ಕೆ ವಿಷ. ಆ ಬಾಟಲಿಯನ್ನು ಅಂದೇ ತೆಂಗಿನ ಬುಡಕ್ಕೆ ಸುರಿದೆ.

ಪುಟ್ಟಿ ಆಮೇಲೆ ಆರು ವರ್ಷ ಬದುಕಿತು. ಒಮ್ಮೆಯಂತೂ ಅಡಕತ್ತರಿ ಇಡುವ ಮೇಜಿನ ಖಾನೆಯಲ್ಲೇ, ಹಳೆಯ ರೇಷ್ಮೆ ಪಂಚೆಯ ಮೇಲೆ ಮೂರು ಮರಿ ಹಾಕಿತ್ತು. ಇಪ್ಪತ್ತು ದಿನ ಖಾನೆ ಮುಚ್ಚದೆ ಅರ್ಧ ತೆರೆದೇ ಇಟ್ಟಿದ್ದೆವು. ಅದು ಹೋದ ಮೇಲೆ ಬೇರೆ ತರುವ ಯೋಚನೆ ಮಾಡಲಿಲ್ಲ. ಒಂದು ಮಳೆಗಾಲ ಬಾವಿಕಟ್ಟೆಯ ಮೇಲೆ ಕಪ್ಪು ಮರಿಯೊಂದು ಕುಳಿತು ಕೂಗುತ್ತಿತ್ತು. ಬೆಕ್ಕನ್ನು ತರಬೇಕೋ ಬೇಡವೋ ಎಂದು ತೀರ್ಮಾನಿಸುವವರು ನಾವಲ್ಲ. ನಾಯಿಯ ವಿಷಯ ನಾಯಿಯವರು ಹೇಳಲಿ.

ಹೆಸರು ಬೇಡವೆಂದವರು

ಇಲ್ಲಿ ಉಕ್ಕು, ಸಾಣೆ, ಒರೆಗಳ ಮಾತು ಎಂದುಕೊಂಡು ಓದಲು ಬಂದೆ. ನಾಯಿ ಬೆಕ್ಕಿನ ಪುರಾಣಕ್ಕೆ ಬೇರೆ ಜಾಗವಿಲ್ಲವೇ?

ಹರಿಹರ, ನಿವೃತ್ತ ಲೇತ್ ಕೆಲಸಗಾರ

ಇದ್ದೀತು ಸ್ವಾಮಿ. ನಿಮಗಾಗಿ ಮೊದಲು ಉಕ್ಕಿನ ಮಾತು ಮುಗಿಸುತ್ತೇನೆ, ಆಮೇಲೆ ನೀವು ಎದ್ದು ಹೋಗಬಹುದು.

ನಿಟ್ಟುವಳ್ಳಿಯವರೇ, ಅಡಕತ್ತರಿಯ ತುಕ್ಕು ಮೇಲುಮೇಲಿನದಾದರೆ ಒಂದು ರಾತ್ರಿ ಸೀಮೆಎಣ್ಣೆಯಲ್ಲಿ ಅದ್ದಿಡಿ. ಬೆಳಿಗ್ಗೆ ಅತಿ ನಯವಾದ ಉಕ್ಕಿನ ನಾರು, ನಾಲ್ಕು ಸೊನ್ನೆಯದು, ತೆಗೆದುಕೊಂಡು ಎಣ್ಣೆಯ ಜೊತೆ ಮೆಲ್ಲಗೆ ಉಜ್ಜಿ. ಉಬ್ಬಿದ ತುಕ್ಕಿದ್ದರೆ ಹಿತ್ತಾಳೆಯ ಚೂರಿನಿಂದ ಕೆರೆಯಿರಿ. ಹಿತ್ತಾಳೆ ಮೆತ್ತಗಿನದು, ಉಕ್ಕಿಗೆ ಗೀರು ಬೀಳುವುದಿಲ್ಲ. ಕೀಲಿನ ಸಂದಿಗೆ ಎರಡು ಹನಿ ಬಿಟ್ಟು ಆಡಿಸಿ. ದಯವಿಟ್ಟು ಬಫಿಂಗ್ ಚಕ್ರಕ್ಕೆ ಕೊಡಬೇಡಿ. ಐವತ್ತು ವರ್ಷದ ಕಪ್ಪು ಐದು ನಿಮಿಷದಲ್ಲಿ ಹೋಗಿ, ನಿನ್ನೆ ಜಾತ್ರೆಯಲ್ಲಿ ಕೊಂಡ ಹಾಗೆ ಕಾಣುತ್ತದೆ.

ಇನ್ನು ನನ್ನ ಪ್ರಾಣಿ. ಈಗ ಹೇಳಿಕೊಳ್ಳಲು ಮುಜುಗರವಾದರೂ ಹೇಳುತ್ತೇನೆ. ನಾನು ಹುಡುಗನಾಗಿದ್ದಾಗ ಮನೆಯಲ್ಲಿ ಒಂದು ಗಿಳಿ ಇತ್ತು. ನಮ್ಮ ಓಣಿಗೆ ವಾರಕ್ಕೊಮ್ಮೆ ಸೈಕಲ್ಲಿನ ಮೇಲೆ ಸಾಣೆಯವನು ಬರುತ್ತಿದ್ದ. ಸ್ಟ್ಯಾಂಡ್ ಹಾಕಿ, ಪೆಡಲು ತುಳಿದು ಕಲ್ಲು ತಿರುಗಿಸಿ, ಕಿಡಿ ಹಾರಿಸುತ್ತಿದ್ದ. ಚಾಕುವಿನ ಹುಚ್ಚು ನನಗೆ ಹಿಡಿದದ್ದೇ ಆ ಕಿಡಿಗಳಿಂದ. ಗಿಳಿಯೂ ನನ್ನ ಜೊತೆಗೇ ನೋಡುತ್ತಿತ್ತು. ಒಂದು ಮಧ್ಯಾಹ್ನ ‘ಕತ್ತರಿ, ಚಾಕು, ಸಾಣೇ...’ ಎಂದು ಕೂಗು ಕೇಳಿಸಿತು. ಎದುರುಮನೆಯ ಅಮ್ಮನವರು ಈಳಿಗೆಮಣೆ ಹಿಡಿದು ಹೊರಗೆ ಬಂದರು, ಪಕ್ಕದವರು ಎರಡು ಕುಡುಗೋಲು ತಂದರು. ಬೀದಿಯಲ್ಲಿ ಸಾಣೆಯವನಿಲ್ಲ. ಮತ್ತೆ ಕೂಗು ಬಂದಾಗ ಎಲ್ಲರೂ ತಲೆಯೆತ್ತಿ ನಮ್ಮ ಜಗಲಿಯ ಪಂಜರ ನೋಡಿದರು. ಅದು ಕೂಗಿ ಮುಗಿಸಿ, ಕಲ್ಲಿಗೆ ಅಲಗು ತಾಗಿದ ‘ಸ್ಸ್ರ್’ ಎಂಬ ಸದ್ದನ್ನೂ ಮಾಡಿತು! ಆಮೇಲೆ ನಿಜವಾದ ಸಾಣೆಯವನು ಬಂದಾಗ ಯಾರೂ ಹೊರಗೆ ಬರುತ್ತಿರಲಿಲ್ಲ. ಪಾಪ, ಅವನು ಬಂದು ನಮ್ಮಪ್ಪನ ಹತ್ತಿರ ಜಗಳವಾಡಿದ.

ಇದನ್ನು ಓದಿ ಯಾರೂ ಗಿಳಿ ತರಬೇಡಿ. ನಮ್ಮ ನಾಡಿನ ಗಿಳಿಗಳನ್ನು ಪಂಜರದಲ್ಲಿಡುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಅದೇ 1972ರ ಕಾಯ್ದೆ ನಮ್ಮ ಪೆಟ್ಟಿಗೆಗೂ ಬರುತ್ತದೆ: ಜಿಂಕೆಕೊಂಬಿನ ಹಿಡಿ, ದಂತದ ಹಿಡಿ ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳಬೇಡಿ. ಎಮ್ಮೆಕೊಂಬಿಗೆ ಆ ತೊಂದರೆಯಿಲ್ಲ.

ಅಂದ ಹಾಗೆ, ರಾಜ ಅಗಿದ ಆ ಹಿಡಿಯನ್ನು ತಂದುಕೊಟ್ಟರೆ ಬೀಟೆ ಮರದಲ್ಲಿ ಹೊಸದು ಕೂರಿಸಿಕೊಡುತ್ತೇನೆ. ದುಡ್ಡು ಬೇಡ.

ಚಳ್ಳಕೆರೆ ಕಡೆಯವನು

ನಾವು ಕುರಿ ಕಾಯುವ ಮನೆತನ. ನಾನು ಈಗ ಬ್ಯಾಂಕಿನಲ್ಲಿದ್ದೇನೆ, ಆದರೆ ಅಜ್ಜನ ಉಪಕರಣಗಳನ್ನು ಬಿಟ್ಟಿಲ್ಲ. ಉಣ್ಣೆ ಕತ್ತರಿಸುವ ಕತ್ತರಿಗಳು ಆರು ಜೊತೆ, ಗೊರಸು ಹೆರೆಯುವ ಚಾಕು ಮೂರು, ಉಡಿದಾರಕ್ಕೆ ಕಟ್ಟಿಕೊಳ್ಳುತ್ತಿದ್ದ ಬೆರಳುದ್ದದ ಚೂರಿ ಒಂದು. ಅಂಗಡಿಯಲ್ಲಿ ಇಟ್ಟರೆ ಐವತ್ತು ರೂಪಾಯಿಗೂ ಯಾರೂ ಕೇಳುವುದಿಲ್ಲ. ಲಾರಿಯ ಕಮಾನು ಪಟ್ಟಿಯಿಂದ ನಮ್ಮೂರ ಕಮ್ಮಾರ ಬಡಿದುಕೊಟ್ಟದ್ದು, ಹಿಡಿ ಜಾಲಿಯದು.

ಆ ಚೂರಿ ಎಂದರೆ ನನಗೆ ಕೆಂಚ ಎಂಬ ನಾಯಿ. ಅಮೃತ ಮಹಲ್ ಕಾವಲು ಎಂಬ ಹುಲ್ಲುಗಾವಲಿನ ಅಂಚಿನಲ್ಲಿ ಬಳ್ಳಾರಿ ಜಾಲಿ ಎಲ್ಲೆಲ್ಲೂ ಹಬ್ಬಿದೆ. ಮಂದೆಯ ಜೊತೆ ನಡೆಯುವ ನಾಯಿಗೆ ಮುಳ್ಳು ತಪ್ಪಿದ್ದಲ್ಲ. ಸಂಜೆ ಮಂದೆ ರೊಪ್ಪಕ್ಕೆ ಸೇರಿದ ಮೇಲೆ ಕೆಂಚ ಅಜ್ಜನ ಮುಂದೆ ಬಂದು ತಾನಾಗಿ ಕಾಲು ಎತ್ತಿ ಹಿಡಿಯುತ್ತಿತ್ತು. ಅಜ್ಜ ಲಾಂದ್ರ ಹತ್ತಿರಕ್ಕೆ ಎಳೆದುಕೊಂಡು, ಪಾದದ ಮೆತ್ತೆಯನ್ನು ಹೆಬ್ಬೆರಳಿನಿಂದ ಒತ್ತುತ್ತಾ ಹೋಗುತ್ತಿದ್ದ. ಮುಳ್ಳಿದ್ದಲ್ಲಿಗೆ ಬಂದಾಗ ನಾಯಿಯ ಕಿವಿ ಒಮ್ಮೆ ಹಿಂದಕ್ಕೆ ಹೋಗುತ್ತಿತ್ತು. ಅಷ್ಟೇ ಗುರುತು. ಚೂರಿಯ ಮೊನೆಯನ್ನು ಲಾಂದ್ರದ ಉರಿಗೆ ಹಿಡಿದು, ಆರಿಸಿ, ಮುಳ್ಳಿನ ಪಕ್ಕದ ಸತ್ತ ಚರ್ಮವನ್ನಷ್ಟೇ ಬಿಡಿಸಿ ಉಗುರಿನಿಂದ ಎಳೆಯುತ್ತಿದ್ದ. ರಕ್ತ ಬರುತ್ತಿರಲಿಲ್ಲ. ಮೂರು ಕಾಲು ಮುಗಿದರೆ ನಾಲ್ಕನೆಯದನ್ನು ಕೆಂಚವೇ ಕೊಡುತ್ತಿತ್ತು. ಮುಳ್ಳಿಲ್ಲದ ದಿನವೂ ಕೊಡುತ್ತಿತ್ತು. ಅಜ್ಜ ಸುಮ್ಮನೆ ಒತ್ತಿ ‘ಏನಿಲ್ಲ ಹೋಗು’ ಎನ್ನುವವರೆಗೆ ಹೋಗುತ್ತಿರಲಿಲ್ಲ.

ಈಗ ನಿಮ್ಮ ಪ್ರಶ್ನೆ. ಕುರಿಗಾರರು ನಾಯಿ ಸತ್ತ ಮೇಲೆ ಮರಿ ಹುಡುಕುವುದಿಲ್ಲ. ಹಳೆಯ ನಾಯಿಗೆ ಏಳೆಂಟು ವರ್ಷವಾದಾಗಲೇ ಒಂದು ಮರಿಯನ್ನು ಅದರ ಹಿಂದೆ ಬಿಡುತ್ತಾರೆ. ತೋಳದ ವಾಸನೆ ಬಂದರೆ ಏನು ಮಾಡಬೇಕು, ದಾರಿ ತಪ್ಪಿದ ಮೇಕೆಯನ್ನು ಕಚ್ಚದೆ ಹೇಗೆ ತಿರುಗಿಸಬೇಕು, ಇವನ್ನು ಮನುಷ್ಯ ಕಲಿಸಲಾರ. ನಾಯಿಗೆ ನಾಯಿಯೇ ಮೇಷ್ಟರು. ಕೆಂಚ ಹೋದ ದಿನ ಅಜ್ಜ ಅತ್ತದ್ದನ್ನು ನೋಡಿದ್ದೇನೆ. ಸಂಜೆ ರೊಪ್ಪದಲ್ಲಿ ಕೂತಾಗ ಕೆಂಚನ ಹಿಂದೆ ಬೆಳೆದಿದ್ದ ಮರಿ ಬಂದು ಕಾಲು ಎತ್ತಿತು.

ನಿಮಗೆ ಆ ಅವಕಾಶ ತಪ್ಪಿಹೋಗಿದೆ ಎಂದು ಗೊತ್ತು. ಮುಂದಿನ ಸಲಕ್ಕೆ ನೆನಪಿರಲಿ ಎಂದು ಹೇಳಿದೆ.

ಹೊಳಲ್ಕೆರೆ, ಅಂಚೆಚೀಟಿಯ ಹುಚ್ಚೂ ಇರುವವನು

ಸಣ್ಣದೊಂದು ಮಾತು ಸೇರಿಸಿ ಹೋಗುತ್ತೇನೆ. ಉತ್ತರ ಪ್ರದೇಶದ ರಾಮಪುರ ಎಂದರೆ ನಮ್ಮಂಥವರಿಗೆ ಮಡಿಚುವ ಚಾಕು. ನಾಯಿಯವರಿಗೆ ಅದೇ ಊರು ರಾಮಪುರ ಹೌಂಡ್. ಒಂದೇ ಊರಿನಿಂದ ಎರಡೂ ಬಂದಿವೆ. ಅಲ್ಲಿನ ನವಾಬರು ಅಫ್ಘನ್ ಕಡೆಯ ತಾಝಿ ಎಂಬ ಬೇಟೆನಾಯಿಯನ್ನು ಇಂಗ್ಲೆಂಡಿನ ಗ್ರೇಹೌಂಡ್ ಜೊತೆ ಕೂಡಿಸಿ ಆ ತಳಿ ಬೆಳೆಸಿದರು. ಅಂಚೆ ಇಲಾಖೆ 2005ರಲ್ಲಿ ನಾಲ್ಕು ನಾಯಿಗಳ ಚೀಟಿ ತಂದಾಗ ರಾಮಪುರದ್ದೂ ನಮ್ಮ ಮುಧೋಳದ್ದೂ ಅದರಲ್ಲಿದ್ದವು. ನನ್ನ ರಾಮಪುರಿಯ ಪಕ್ಕ ಆ ಚೀಟಿ ಅಂಟಿಸಿಟ್ಟಿದ್ದೇನೆ. ನನ್ನದು ಮುಧೋಳ, ಹೆಸರು ಗಾಳಿ, ಒಂಬತ್ತು ವರ್ಷ. ಚಳ್ಳಕೆರೆಯವರ ಮಾತು ಓದಿ ಈ ವರ್ಷವೇ ಒಂದು ಮರಿ ನೋಡಬೇಕೆನ್ನಿಸುತ್ತಿದೆ.

ಚಿತ್ರದುರ್ಗ, ಜೋಗಿಮಟ್ಟಿ ರಸ್ತೆಯಿಂದ

ನಾನು ಸಂಗ್ರಾಹಕಿಯಲ್ಲ. ಸಂಗ್ರಾಹಕರು ನಮ್ಮ ಮನೆಯವರು. 2019ರಲ್ಲಿ ತೀರಿಕೊಂಡರು. ಬಿಟ್ಟುಹೋದದ್ದು ಗಾಜಿನ ಬೀರುವಿನ ತುಂಬ ನೂರಹದಿನೆಂಟು ಚಾಕುಚೂರಿ, ಮತ್ತು ಚಿನ್ನು ಎಂಬ ನಾಯಿ. ನನಗೆ ಎರಡರ ಮೇಲೂ ಅಷ್ಟಕ್ಕಷ್ಟೇ. ಮೂವತ್ತು ವರ್ಷ ಶಾಲೆಯಲ್ಲಿ ಗಣಿತ ಹೇಳಿಕೊಟ್ಟು ಮನೆಗೆ ಬಂದರೆ ಊಟದ ಮೇಜಿನ ಮೇಲೆ ಕಠಾರಿ, ಕೆಳಗೆ ನಾಯಿ. ಯಾರಿಗಾದರೂ ಎಷ್ಟು ಇಷ್ಟವಾದೀತು?

ಅವರು ಹೋದ ಮೇಲೆ ಚಿನ್ನು ಬೀರುವಿನ ಮುಂದೆ ಮಲಗಿತು. ಅನ್ನ ಹಾಲು ಇಟ್ಟರೆ ಮೂಸಿ ಬಿಡುತ್ತಿತ್ತು. ಹನ್ನೊಂದು ದಿನದ ಕಾರ್ಯ ಮುಗಿಯಿತು. ಬಂದವರಲ್ಲಿ ಒಬ್ಬರು ಎಲ್ಲವನ್ನೂ ಒಟ್ಟಿಗೆ ಕೊಳ್ಳುತ್ತೇನೆ ಎಂದಿದ್ದರು. ಎಣಿಸಿಡೋಣ ಎಂದು ಮೊಳೆಗೆ ನೇತುಹಾಕಿದ್ದ ಬೀಗದಕೈ ತೆಗೆದೆ. ಆ ಸದ್ದಿಗೆ ಚಿನ್ನು ಎದ್ದು ನಿಂತಿತು. ಬೀರು ತೆರೆದಾಗ ಒಮ್ಮೆ ಸೀನಿತು. ಹೊಲಿಗೆಯಂತ್ರದ ಎಣ್ಣೆಯ ವಾಸನೆಗೆ ಅದು ಯಾವಾಗಲೂ ಸೀನುತ್ತಿತ್ತು, ಅವರು ‘ಶತಾಯುಷಿಯಾಗು’ ಎನ್ನುತ್ತಿದ್ದರು. ನಾನು ನೆಲದ ಮೇಲೆ ಕುಳಿತು ಕೈಗೆ ಸಿಕ್ಕಿದ ಒಂದು ಚಾಕು ತೆಗೆದೆ. ಚಿನ್ನು ಬಂದು ನನ್ನ ಬಲಗಡೆ ನಿಂತು, ಯೋಚಿಸಿ, ಹಿಂದಿನಿಂದ ಸುತ್ತಿಕೊಂಡು ಎಡಕ್ಕೆ ಹೋಗಿ, ಎಡಮಂಡಿಯ ಮೇಲೆ ಗದ್ದ ಇಟ್ಟಿತು. ಅವರು ಕೂತಾಗಲೂ ಎಡವೇ. ಎಣಿಸಲು ಕೂತವಳು ಎಣ್ಣೆ ಹಚ್ಚಿ ಎದ್ದೆ. ಅಂದು ರಾತ್ರಿ ಚಿನ್ನು ಒಂದು ಬಟ್ಟಲು ಅನ್ನ ತಿಂದಿತು.

ಕೊಳ್ಳುವವರಿಗೆ ಇಲ್ಲ ಎಂದೆ. ಪ್ರತಿ ಗುರುವಾರ ರಾತ್ರಿ ಬೀರು ತೆರೆಯುವುದಾಯಿತು, ನಾಯಿಯ ಸಲುವಾಗಿ. ಅವರ ನೋಟುಪುಸ್ತಕ ಓದಿ ಕಲಿತೆ. ಯಾವುದು ಎಲ್ಲಿ, ಎಷ್ಟಕ್ಕೆ ಎಂಬುದೆಲ್ಲ ಬರೆದಿದ್ದರು. ನನಗೆ ಹೇಳಿದ್ದ ಬೆಲೆಗೂ ಅಲ್ಲಿರುವ ಬೆಲೆಗೂ ಸಂಬಂಧವೇ ಇಲ್ಲ. ಚರ್ಮದ ಒರೆಯೊಳಗೆ ಅಲಗನ್ನು ಇಟ್ಟು ಮರೆಯಬಾರದು, ಚರ್ಮ ತೇವ ಹಿಡಿಯುತ್ತದೆ, ಹದಮಾಡಿದ ರಸಾಯನ ಉಕ್ಕನ್ನು ತಿನ್ನುತ್ತದೆ ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದರು. ಎಲ್ಲವನ್ನೂ ಒರೆಯಿಂದ ಬಿಡಿಸಿ ಪಕ್ಕಪಕ್ಕ ಇಟ್ಟೆ. ದುರ್ಗದ ಒಣ ಹವೆಗೆ ತುಕ್ಕಿನ ಕಾಟ ಕಡಿಮೆ. ನಿಮ್ಮ ಭದ್ರಾ ನಾಲೆಯ ಸೀಮೆಯಲ್ಲಿ ಮೂರು ತಿಂಗಳು ಬಿಟ್ಟರೆ ತುಕ್ಕು ಬಾರದೆ ಇದ್ದೀತೇ?

ಚಿನ್ನು 2022ರಲ್ಲಿ ಹೋಯಿತು. ಮುಂದಿನ ಗುರುವಾರ ಬೀರು ತೆರೆಯಲಿಲ್ಲ. ಅದರ ಮುಂದಿನದಕ್ಕೆ ತೆರೆದೆ. ಮರಿ ತರಲಿಲ್ಲ. ನನಗೆ ಅರವತ್ತೇಳು, ಮರಿಗೆ ಹದಿಮೂರು ವರ್ಷದ ಆಯುಸ್ಸು ಎಂದುಕೊಂಡರೆ ಕೂಡಿಸುವ ಲೆಕ್ಕ ನನಗೆ ಬರುತ್ತದೆ. ಬೀದಿಯ ಮೂರು ನಾಯಿಗಳಿಗೆ ರಾತ್ರಿ ಅನ್ನ ಹಾಕುತ್ತೇನೆ, ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿಸಿದ್ದೇನೆ. ಅವು ಗೇಟಿನ ಒಳಗೆ ಬರುವುದಿಲ್ಲ, ನಾನು ಕರೆಯುವುದಿಲ್ಲ. ನಮ್ಮ ಒಪ್ಪಂದ ಚೆನ್ನಾಗಿದೆ.

ನಿಮಗೆ ಮನೆಯಲ್ಲಿ ಮಗ ಸೊಸೆ ಇದ್ದಾರೆ, ನಿಮ್ಮ ಲೆಕ್ಕ ಬೇರೆ ಇರಬಹುದು. ಆದರೆ ಮರಿ ಬಂದ ಮೇಲೆ ಪೆಟ್ಟಿಗೆ ತೆರೆಯೋಣ ಎಂದು ಕಾಯಬೇಡಿ. ಮೊದಲು ಪೆಟ್ಟಿಗೆ ತೆರೆಯಿರಿ.

ದಾವಣಗೆರೆ, ನಿವೃತ್ತ ಪಶುವೈದ್ಯೆ

ಮೇಷ್ಟ್ರಮ್ಮನವರ ಮಾತಿನ ಮೇಲೆ ನನ್ನದೇನೂ ಇಲ್ಲ. ಸೊಸೆಯ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ, ಅದು ಯಾರಿಗೂ ಬೇಡವಾದ ಹಾಗಿದೆ. ಇಷ್ಟು ಜನರಲ್ಲಿ ಸರಿಯಾದ ಪ್ರಶ್ನೆ ಕೇಳಿದವಳು ಅವಳೊಬ್ಬಳೇ.

ಕೊಂಬು, ಮೂಳೆ, ಚರ್ಮ ನಿಮಗೆ ಹಿಡಿ ಮತ್ತು ಒರೆ. ನಾಯಿಗೆ ಅದು ಊಟ. ನಾಲ್ಕನೇ ತಿಂಗಳ ಸುಮಾರಿಗೆ ಹಾಲುಹಲ್ಲು ಉದುರಲು ಶುರುವಾಗಿ, ಏಳು ತಿಂಗಳು ತುಂಬುವವರೆಗೆ ಮರಿ ಸಿಕ್ಕಿದ್ದನ್ನು ಅಗಿಯುತ್ತದೆ. ಆಗ ಬೈದು ಪ್ರಯೋಜನವಿಲ್ಲ. ಅಗಿಯಲು ಬೇರೆ ಏನಾದರೂ ಕೊಡಿ, ಪೆಟ್ಟಿಗೆಗೆ ಬೀಗ ಹಾಕಿ, ಪೆಟ್ಟಿಗೆಯನ್ನು ನೆಲದಿಂದ ಎತ್ತಿ ಗೋಡೆಯ ಬೀರುವಿಗೆ ಸೇರಿಸಿ. ಎರಡು ವರ್ಷದ ಮಗುವಿಗೂ ಇದೇ ಮದ್ದು, ಪ್ರತ್ಯೇಕ ಏರ್ಪಾಡು ಬೇಕಾಗಿಲ್ಲ. ಮಗುವನ್ನೂ ಮರಿಯನ್ನೂ ಮಾತ್ರ ಒಂದೇ ಕೋಣೆಯಲ್ಲಿ ಬಿಟ್ಟು ಎದ್ದುಹೋಗಬೇಡಿ. ಎಣ್ಣೆ ಹಚ್ಚುವ ಹೊತ್ತಿನಲ್ಲಿ ಒರೆಸುಬಟ್ಟೆ, ಸೀಮೆಎಣ್ಣೆ ಬಟ್ಟಲು ಕೆಳಗೆ ಇರಬಾರದು. ಲವಂಗದ ಕಥೆ ಆಗಲೇ ಕೇಳಿದಿರಿ. ಅದಕ್ಕಿಂತ ಸಾಮಾನ್ಯವಾಗಿ ನಾನು ನೋಡಿದ್ದು ನುಸಿಗುಳಿಗೆ. ಹುಳ ಬಾರದಿರಲಿ ಎಂದು ಪೆಟ್ಟಿಗೆಯ ಮೂಲೆಗೆ ಹಾಕುತ್ತೀರಿ, ಬಿಳಿ ಗುಂಡು ಉರುಳಿದರೆ ಮರಿ ನುಂಗುತ್ತದೆ. ರಕ್ತಕಣಗಳನ್ನೇ ಒಡೆದುಹಾಕುವ ವಿಷ ಅದು. ಇವತ್ತೇ ತೆಗೆದುಬಿಡಿ. ಮಂಡಕ್ಕಿಯಲ್ಲಿನ ಈರುಳ್ಳಿಯೂ ನಾಯಿಗೆ ಅದೇ ಹಾನಿ ಮಾಡುತ್ತದೆ. ದಾವಣಗೆರೆಯವರಿಗೆ ಇದನ್ನು ಹೇಳಿ ಹೇಳಿ ನನ್ನ ನೌಕರಿಯ ಅರ್ಧ ಕಳೆಯಿತು.

ಅಲಗು ತಾಗಿ ಕಾಲು ಕೊಯ್ದರೆ ಶುಭ್ರ ಬಟ್ಟೆ ಇಟ್ಟು ಐದಾರು ನಿಮಿಷ ಬಿಗಿಯಾಗಿ ಒತ್ತಿ ಹಿಡಿಯಿರಿ. ನಿಂತಿತೇ ಎಂದು ನಡುನಡುವೆ ಎತ್ತಿ ನೋಡಬಾರದು. ಅರಿಶಿನ, ಕಾಫಿಪುಡಿ ತುಂಬಬೇಡಿ. ನೋವಿಗೆ ನಿಮ್ಮ ಮಾತ್ರೆ ಕೊಡಬೇಡಿ. ಬೆಕ್ಕಿಗಂತೂ ಒಂದು ಪ್ಯಾರಾಸಿಟಮಾಲ್ ಮಾತ್ರೆಯೇ ಪ್ರಾಣ ತೆಗೆಯಬಲ್ಲದು.

ನನ್ನ ಸಂಗ್ರಹ ಕೇಳುವಿರಾದರೆ, ಹಳೆಯ ಶಸ್ತ್ರಚಿಕಿತ್ಸೆಯ ಚಾಕುಗಳು ಒಂದು ಡಬ್ಬಿ. ನಾಯಿ ಒಂದು, ಮೂರು ಕಾಲಿನದು. ನಾಲ್ಕನೆಯದನ್ನು ತೆಗೆದವಳು ನಾನೇ. ಅಪಘಾತವಾಗಿ ತಂದು ಬಿಟ್ಟುಹೋದವರು ಮತ್ತೆ ಬರಲಿಲ್ಲ. ಹನ್ನೊಂದು ವರ್ಷವಾಯಿತು, ಆ ಡಬ್ಬಿ ತೆರೆದರೆ ಈಗಲೂ ಮಂಚದ ಕೆಳಗೆ ಹೋಗುತ್ತದೆ.

ದಾವಣಗೆರೆ, ನಿಟ್ಟುವಳ್ಳಿಯಿಂದ ಮತ್ತೆ

ನಿನ್ನೆ ಭಾನುವಾರ, ಮೊದಲನೆಯದಲ್ಲ, ಮೂರನೆಯದು. ಇರಲಿ ಎಂದು ಪೆಟ್ಟಿಗೆ ತೆರೆದೆ. ನುಸಿಗುಳಿಗೆ ನಾಲ್ಕು ಇದ್ದವು, ಎತ್ತಿ ಬಿಸಾಡಿದೆ. ಅಡಕತ್ತರಿಗಳು ಸೀಮೆಎಣ್ಣೆಯಲ್ಲಿವೆ, ಬಟ್ಟಲು ಅಟ್ಟದ ಮೇಲಿದೆ.

ಆ ಕೊಂಬಿನ ಹಿಡಿಯ ಚಾಕುವನ್ನು ತುಂಬ ಹೊತ್ತು ಕೈಯಲ್ಲಿ ಹಿಡಿದು ಕುಳಿತಿದ್ದೆ. ಕಪ್ಪು ಕೊಂಬಿನ ಹೊಳಪು ಅರ್ಧದವರೆಗೆ ಬಂದು, ಅಲ್ಲಿಂದ ಮುಂದೆ ಬೂದುಬಣ್ಣದ ಎಳೆ ಎಳೆ. ಒಂದು ಬದಿಗೆ ನಾಲ್ಕು ಗುಳಿ, ಇನ್ನೊಂದು ಬದಿಗೆ ಎರಡು. ಹೆಬ್ಬೆರಳು ಇಟ್ಟರೆ ದೊಡ್ಡ ಗುಳಿಯೊಳಗೆ ಸರಿಯಾಗಿ ಕೂರುತ್ತದೆ. ಆಗ ಈ ಚಾಕು ಹಾಳಾಯಿತೆಂದು ಮರಿಯ ಬೆನ್ನಿಗೆ ಒಂದು ಏಟು ಹಾಕಿದ್ದೆ. ಹರಿಹರದ ಅಣ್ಣಾ, ನಿಮ್ಮ ದೊಡ್ಡ ಮನಸ್ಸು, ಆದರೆ ಹಿಡಿ ಬದಲಿಸುವುದು ಬೇಡ. ಬೀಟೆ ಮರ ಇದ್ದರೆ ಬೇರೆ ಎರಡು ಕೊಡುತ್ತೇನೆ.

ಎದ್ದು ನೋಡಿದರೆ ಗೋಣಿಚೀಲದ ಅರ್ಧ ಖಾಲಿ ಬಿಟ್ಟೇ ಕುಳಿತಿದ್ದೆ.

ಗೋಡೆಯ ಬೀರುವಿಗೆ ಅಳತೆ ಕೊಟ್ಟು ಬಂದೆ. ಸೊಸೆ ತಾನೇ ಹೋಗಿ ಬೀಗ ತಂದಿದ್ದಾಳೆ, ಎರಡು ಬೀಗದಕೈ, ಒಂದು ಅವಳ ಹತ್ತಿರವೇ ಇರುತ್ತದಂತೆ. ಡಾಕ್ಟರ್ ಅಕ್ಕ ಅವಳ ಪರ ಮಾತನಾಡಿದ್ದನ್ನು ಓದಿ ತೋರಿಸಿದೆ, ಅಂದಿನಿಂದ ಮಾತು ಸ್ವಲ್ಪ ಮೃದುವಾಗಿದೆ. ತಮ್ಮನ ಹೊಲದ ಪಕ್ಕದವರ ನಾಯಿ ಮರಿ ಹಾಕಿದೆ. ಕಂದುಬಣ್ಣದ ಹೆಣ್ಣುಮರಿ, ಒಂದು ಕಿವಿ ನಿಂತಿದೆ, ಇನ್ನೊಂದು ಇನ್ನೂ ತೀರ್ಮಾನ ಮಾಡಿಲ್ಲ. ಐದು ವಾರವಂತೆ. ಈಗಲೇ ಕೊಂಡೊಯ್ಯಿರಿ ಎಂದರು. ತರಲಿಲ್ಲ, ನೋಡಿ ಬಂದೆ ಅಷ್ಟೇ. ಬೇವಿನ ಮರದ ಹತ್ತಿರವೂ ಹೋಗಿ ಬಂದೆ.

ಇನ್ನೊಂದೇ ಪ್ರಶ್ನೆ, ಅಕ್ಕ. ಆ ಗೋಣಿಚೀಲವನ್ನು ಇನ್ನೂ ತೊಳೆದಿಲ್ಲ. ರಾಜನ ವಾಸನೆ ಹಾಗೆಯೇ ಇದೆ. ಮರಿ ಬರುವುದಾದರೆ ತೊಳೆಯಬೇಕೇ?

ದಾವಣಗೆರೆ, ನಿವೃತ್ತ ಪಶುವೈದ್ಯೆ

ಎಂಟು ವಾರ ತುಂಬುವವರೆಗೆ ಮರಿಯನ್ನು ತಾಯಿಯಿಂದ ಬಿಡಿಸಬೇಡಿ. ಕೊಡುವವರು ಅವಸರ ಮಾಡಿದರೂ ನೀವು ಮಾಡಬೇಡಿ. ಮೊದಲ ಚುಚ್ಚುಮದ್ದು ಆರರಿಂದ ಎಂಟನೇ ವಾರದೊಳಗೆ ಬೀಳಲಿ, ಬೇಕಾದರೆ ಅಲ್ಲಿಯೇ ಹೋಗಿ ಹಾಕಿಸಿ. ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರನೇ ವಾರದವರೆಗೆ. ಹುಚ್ಚುನಾಯಿ ರೋಗದ್ದು ಮೂರು ತಿಂಗಳಿಗೆ.

ರಾಜನಿಗೆ ಪಾರ್ವೊ ಎಂಬ ಅಂಟುರೋಗ ಆಗಿದ್ದಿದ್ದರೆ ಚೀಲ ಸುಡಿ ಎನ್ನುತ್ತಿದ್ದೆ; ಆ ರೋಗಾಣು ನೆಲದಲ್ಲಿ ಒಂದು ವರ್ಷ ಉಳಿಯಬಲ್ಲದು. ಮೂತ್ರಪಿಂಡದ ಸೋಲು ಅಂಟುವಂಥದ್ದಲ್ಲ. ಎಳೆಗಳ ನಡುವೆ ಉಣ್ಣಿ ಇದೆಯೇ ಎಂದು ಕನ್ನಡಕ ಹಾಕಿಕೊಂಡು ನೋಡಿ. ಇದ್ದರೆ ಕುದಿಯುವ ನೀರಿಗೆ ಅದ್ದಲೇಬೇಕು. ಇಲ್ಲದಿದ್ದರೆ ಕೊಡವಿ, ಒಂದು ದಿನ ಬಿಸಿಲಿಗೆ ಹಾಕಿ ಸಾಕು. ಸೋಪು ಬೇಡ.